ವೈನ್ ತಣ್ಣಗಿರಬೇಕೆ, ವಿಸ್ಕಿಗೆ ನೀರು ಬೆರೆಸಬಹುದೆ?

ಪ್ರಶ್ನೆ: ಬೆಂಗಳೂರಿನ ಭಾವನವರು ಒಂದು ಬಾಟಲಿ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಮೊಳಕೆ ಬಾರ್ಲಿಯಿಂದ ತಯಾರಾದ) ವಿಸ್ಕಿಯನ್ನೂ ಒಂದು ಬಾಟಲಿ ಕೆಂಪು ವೈನನ್ನೂ ಉಡುಗೊರೆಯಾಗಿ ತಂದಿದ್ದಾರೆ. ಎರಡೂ ನನಗೆ ಹೊಸವು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲೇ ಕುಡಿಯಬೇಕು, ವಿಸ್ಕಿಗೆ ನೀರು ಬೆರೆಸಬಾರದು ಎನ್ನುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಕೋಣೆಯ ಉಷ್ಣಾಂಶವೆಂಬ ಮಾತು ಯುರೋಪಿನ ತಂಪು ಮನೆಗಳಿಗೆ ಹೊಂದುವಂಥದ್ದು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿಮ್ಮೂರಿನಲ್ಲಿ ಅದನ್ನು ಪಾಲಿಸಿದರೆ ಹಣ್ಣಿನ ಪರಿಮಳ ಅಡಗಿ, ಮದ್ಯಸಾರದ ಘಾಟೊಂದೇ ಮೂಗಿಗೆ ಹೊಡೆಯುತ್ತದೆ. ಕೆಂಪು ವೈನಿಗೆ 16ರಿಂದ 18 ಡಿಗ್ರಿ ಹಿತವಾದ್ದರಿಂದ ಬಾಟಲಿಯನ್ನು ಒಂದು ಗಂಟೆಯಾದರೂ ಫ್ರಿಜ್ಜಿನಲ್ಲಿಡಿ. ಲೋಟದ ಮೂರನೆಯ ಒಂದು ಭಾಗ ಮಾತ್ರ ತುಂಬಿ, ಮೆಲ್ಲನೆ ತಿರುಗಿಸಿ, ಮೊದಲು ಮೂಸಿ ನೋಡಿ, ಅನಂತರ ಸಣ್ಣ ಗುಟುಕು ತೆಗೆದುಕೊಂಡು ಬಾಯೆಲ್ಲ ಆಡಿಸಿ. ಆಗ ನಾಲಿಗೆ ಒಣಗಿದಂತಾಗುವ ಒಗರು ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್‌ನಿಂದ ಬಂದದ್ದೇ ಹೊರತು ವೈನ್ ಕೆಟ್ಟಿರುವ ಲಕ್ಷಣವಲ್ಲ. ಜೊತೆಗೆ ಮಂಡಾಳ ಒಗ್ಗರಣೆ, ಮಿರ್ಚಿ ಮಾತ್ರ ಬೇಡ (ಹೀಗೆ ಹೇಳಲು ನನಗೂ ಸಂಕಟವೇ). ಮೆಣಸಿನಕಾಯಿಯ ಉರಿಯು ಒಗರನ್ನೂ ಘಾಟನ್ನೂ ಹೆಚ್ಚಿಸುತ್ತದೆ. ಹುರಿದ ಶೇಂಗಾ ಸಾಕು.

ವಿಸ್ಕಿಗೆ ನೀರು ಬೆರೆಸಬಾರದೆಂಬುದು ಬರೀ ಪ್ರತಿಷ್ಠೆಯ ಮಾತು. ಸ್ಕಾಟ್ಲೆಂಡಿನ ಪರಿಣತರೇ ವಿಸ್ಕಿಯನ್ನು ಪರೀಕ್ಷಿಸುವಾಗ ನೀರು ಬೆರೆಸಿ ಮೂಸುತ್ತಾರೆ. ಮೊದಲ ಗುಟುಕನ್ನು ಹಾಗೆಯೇ ಸವಿದು, ಬಳಿಕ 30 ಮಿಲಿಗೆ ಒಂದು ಚಮಚ ನೀರು ಹಾಕಿದರೆ ಉರಿ ತಗ್ಗಿ, ಬಾರ್ಲಿಯ ಸಿಹಿ, ವಿಸ್ಕಿಯನ್ನು ಮಾಗಿಸಿದ ಓಕ್ ಮರದ ಪೀಪಾಯಿಯ ವೆನಿಲಾ ವಾಸನೆ ಸ್ಪಷ್ಟವಾಗುತ್ತವೆ. ಐಸ್ ಹಾಕಿದರೆ ಪರಿಮಳ ಮಂಕಾಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಾದರೆ ಮೊದಲು ವೈದ್ಯರನ್ನು ಕೇಳಿ. ತೆರೆದ ವೈನನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನಗಳೊಳಗೆ ಮುಗಿಸಬೇಕು; ವಿಸ್ಕಿಗೆ ಅಂಥ ಅವಸರವಿಲ್ಲ.