ವಿಜ್ಞಾನ, ಸಮಾಜ, ಗಣಿತದ ತರಗತಿಗಳಲ್ಲೂ ಪ್ರೌಢಶಾಲಾ ಮಕ್ಕಳ ಬರವಣಿಗೆಯನ್ನು ಬೆಳೆಸುವುದು ಹೇಗೆ?

ಬರವಣಿಗೆಯನ್ನು ಭಾಷಾ ಶಿಕ್ಷಕರಿಗೆ ಮಾತ್ರ ಬಿಟ್ಟುಕೊಟ್ಟರೆ ಅದು ಬೆಳೆಯುವುದಿಲ್ಲ, ಏಕೆಂದರೆ ಪ್ರತಿ ವಿಷಯಕ್ಕೂ ಅದರದೇ ಆದ ಬರೆಯುವ ಕ್ರಮವಿದೆ: ವಿಜ್ಞಾನ ಕಾರಣವನ್ನು ಕೇಳುತ್ತದೆ, ಇತಿಹಾಸ ಆಧಾರವನ್ನು ಕೇಳುತ್ತದೆ, ಗಣಿತ ಪ್ರತಿ ಹೆಜ್ಜೆಗೂ ಸಮರ್ಥನೆಯನ್ನು ಕೇಳುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಬೇಕಾದ ವಸ್ತು ಕಣ್ಣೆದುರೇ ಇದೆ. ಬಾಷ್ಪೀಭವನದ ಪಾಠ ಮುಗಿದ ಮೇಲೆ, ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ (ಉಪ್ಪುನೀರನ್ನು ಬಿಸಿಲಿಗೆ ಆವಿಯಾಗಿಸಿ ಉಪ್ಪು ತೆಗೆಯುವ ಗದ್ದೆಗಳಲ್ಲಿ) ಮಳೆಗಾಲದಲ್ಲಿ ಉಪ್ಪು ಏಕೆ ತಯಾರಾಗುವುದಿಲ್ಲ ಎಂಬುದನ್ನು ಐದು ವಾಕ್ಯಗಳಲ್ಲಿ ವಿವರಿಸಲು ಹೇಳಿ. ಮಗು ‘ಮಳೆ ಬರುವುದರಿಂದ’ ಎಂದಷ್ಟೇ ಬರೆದರೆ, ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದುವ ಬದಲು, ಮಳೆನೀರು ಬೆರೆತಾಗ ಲವಣದ ಸಾಂದ್ರತೆಗೆ ಏನಾಗುತ್ತದೆ, ಗಾಳಿಯಲ್ಲಿ ತೇವಾಂಶ ಹೆಚ್ಚಿದಾಗ ನೀರು ಆವಿಯಾಗುವ ವೇಗಕ್ಕೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದು ಎರಡನೇ ಕರಡನ್ನು ಕೇಳಬೇಕು. ನಿಜವಾದ ಕಲಿಕೆ ನಡೆಯುವುದು ಈ ಎರಡನೇ ಕರಡಿನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಗುಣಿತಕ್ಕೆ ಕೊನೆಯ ಪ್ರತಿಯಲ್ಲಿ ಸಮಯವಿದೆ.

ಸಮಾಜ ವಿಜ್ಞಾನದಲ್ಲಿ, 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಆರಂಭವಾದ, ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದ ಅಪ್ಪಿಕೋ ಚಳವಳಿಯನ್ನು ತೆಗೆದುಕೊಂಡು, ಊರಿನವರ ಮತ್ತು ಅರಣ್ಯ ಇಲಾಖೆಯ ವಾದಗಳನ್ನು ಒಂದೊಂದು ಪರಿಚ್ಛೇದದಲ್ಲಿ ಬರೆಸಬಹುದು. ಗಣಿತದಲ್ಲಿ, ಬಿಡಿಸಿದ ಲೆಕ್ಕವನ್ನು ಅಂದು ಗೈರಾಗಿದ್ದ ಗೆಳತಿಗೆ ಅರ್ಥವಾಗುವಂತೆ ವಾಕ್ಯಗಳಲ್ಲಿ ಬರೆದರೆ ಸಾಕು.

ತಿಂಗಳಿಗೊಂದು ದೀರ್ಘ ಪ್ರಬಂಧಕ್ಕಿಂತ ವಾರಕ್ಕೆರಡು ಸಲ ಹತ್ತು ನಿಮಿಷದ ಬರವಣಿಗೆ ಮೇಲು. ಮನೆಯಲ್ಲಿ ಕೊಂಕಣಿಯನ್ನೋ ಹವಿಗನ್ನಡವನ್ನೋ ಆಡುವ ಮಕ್ಕಳು ವಿಷಯವನ್ನು ಮೊದಲು ತಮ್ಮ ಮಾತಿನಲ್ಲೇ ಪಕ್ಕದವರಿಗೆ ಹೇಳಿ, ಆಮೇಲೆ ಬರೆಯಲಿ.