ಪ್ರತಿಕ್ರಿಯೆ: ಯೋಕಾನ್ ಸಸ್ಯಾಹಾರವೇ?

ಜಪಾನಿನಿಂದ ಬಂದ ಯೋಕಾನ್ ಎಂಬ ಸಿಹಿಯಲ್ಲಿ ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ, ಜೆಲ್ಲಿ ಗಟ್ಟಿಯಾಗಿಸುವ ಪದಾರ್ಥ) ಇರುತ್ತಾ, ಸಸ್ಯಾಹಾರಿಗಳು ತಿನ್ನಬಹುದಾ ಎಂದು ಕೇಳಿದ್ದೀರಿ. ಸಾಂಪ್ರದಾಯಿಕ ಯೋಕಾನ್ ಆದರೆ ಧೈರ್ಯವಾಗಿ ತಿನ್ನಿ. ಅದರಲ್ಲಿ ಇರುವುದು ಮುಖ್ಯವಾಗಿ ಅಜುಕಿ ಎಂಬ ಕೆಂಪು ಕಾಳಿನ ಹೂರಣ, ಸಕ್ಕರೆ ಮತ್ತು ಕಾಂಟೆನ್. ಕಾಂಟೆನ್ ಕಡಲಪಾಚಿಯಿಂದ ಬರುತ್ತದೆ. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಅಂತ ಸಿಗುತ್ತಲ್ಲ, ಅದೇ ಜಾತಿಯದು.

ಇದರ ಹಿನ್ನೆಲೆ ನನಗೆ ತುಂಬಾ ಇಷ್ಟ. ಚೀನಾದಲ್ಲಿ ಯೋಕಾನ್‌ನ ಮೂಲರೂಪ ಕುರಿಮಾಂಸದ ಸಾರು! ಅದನ್ನು ಜಪಾನಿಗೆ ತಂದವರು ಜೆನ್ ಪಂಥದ ಬೌದ್ಧ ಸನ್ಯಾಸಿಗಳು. ಅವರು ಮಾಂಸ ತಿನ್ನುವಂತಿರಲಿಲ್ಲ. ಹಾಗಾಗಿ ಅಜುಕಿ ಮತ್ತು ಹಿಟ್ಟು ಕಲಸಿ ಹಬೆಯಲ್ಲಿ ಬೇಯಿಸಿದರು. ನಿಧಾನವಾಗಿ ಅದು ಸಿಹಿಯಾಗಿ, ಚಹಾ ಕೂಟದ ತಿಂಡಿಯಾಯಿತು. ಕಹಿಯಾದ ಮಾಚಾಕ್ಕೆ, ಅಂದರೆ ಹಸಿರು ಚಹಾ ಪುಡಿಯ ಪಾನೀಯಕ್ಕೆ, ಮೊದಲು ಒಂದು ತುಂಡು ಸಿಹಿ ಬೇಕೇ ಬೇಕು, ಅಲ್ವಾ?

17ನೇ ಶತಮಾನದಲ್ಲಿ ಕ್ಯೋಟೋದ ಫುಶಿಮಿಯಲ್ಲಿ ಒಂದು ಛತ್ರದವರು ಹೊರಗೆ ಬಿಸಾಡಿದ ಪಾಚಿಯ ಜೆಲ್ಲಿ ಚಳಿಗೆ ಹೆಪ್ಪುಗಟ್ಟಿ, ಆಮೇಲೆ ಒಣಗಿ ಕಾಂಟೆನ್ ಆಯಿತು ಎನ್ನುತ್ತಾರೆ. ಇಂದಿನ ನುಣುಪಾದ, ಗಟ್ಟಿ ಯೋಕಾನ್ ಹುಟ್ಟಿದ್ದು ಕಾಂಟೆನ್ ಬಂದ ಮೇಲೆಯೇ. ಸಕ್ಕರೆ ಮಾತ್ರ ಬಹಳ ಕಾಲ ಹೊರದೇಶದಿಂದ ಬರುವ ದುಬಾರಿ ವಸ್ತು. 18ನೇ ಶತಮಾನದಲ್ಲಿ ಶೋಗನ್ (ಜಪಾನಿನ ಸೇನಾ ಆಡಳಿತಗಾರ) ತೊಕುಗಾವಾ ಯೋಶಿಮುನೆ ದೇಶದಲ್ಲೇ ಕಬ್ಬು ಬೆಳೆಯಲು ಪ್ರೋತ್ಸಾಹ ಕೊಟ್ಟ. ಶಿಕೋಕು ದ್ವೀಪದ ವಸಾನ್‌ಬೋನ್ ಸಕ್ಕರೆ ಇಂದಿಗೂ ಹೆಸರುವಾಸಿ, ಸಿಕ್ಕರೆ ಬಿಡಬೇಡಿ.

ನೀವು ಮೊಟ್ಟೆಯನ್ನೂ ತಿನ್ನದಿದ್ದರೆ ದೊರಾಯಾಕಿ (ಹೂರಣ ತುಂಬಿದ ಪ್ಯಾನ್‌ಕೇಕ್) ಮತ್ತು ಪೋರ್ಚುಗೀಸರಿಂದ ಬಂದ ಕಾಸುತೆರಾ (ಸ್ಪಂಜ್ ಕೇಕ್) ಬೇಡ. ಎರಡರಲ್ಲೂ ಮೊಟ್ಟೆ ಇರುತ್ತದೆ. ಹೊಸ ಬಗೆಯ ಹಣ್ಣಿನ ಜೆಲ್ಲಿ, ಕ್ರೀಮ್ ತುಂಬಿದ ಮೋಚಿ (ಅಂಟು ಅಕ್ಕಿಯ ಉಂಡೆ) ಕೊಳ್ಳುವಾಗಲೂ ಲೇಬಲ್ ಓದಿಸಿಕೊಳ್ಳಿ. ಜೆಲಾಟಿನ್ ಸಿಗುವುದು ಜಾಸ್ತಿ ಅಂಥವುಗಳಲ್ಲೇ.