ಗಟ್ಟಿ ಮರದಿಂದ ಬಿಳಿ ಹಾಳೆ ಹೇಗೆ ಬರುತ್ತದೆ? ಅಂಟು ಹಾಕ್ತಾರಾ?

ನೀವು ಮೂರು ವಿಷಯ ಕೇಳಿದ್ದೀರಿ. ಗಟ್ಟಿಯಾದ ಕಂದು ಮರ ಮೆತ್ತಗಿನ ಬಿಳಿ ಹಾಳೆ ಆಗುವುದು ಹೇಗೆ? ಮರದ ಪುಡಿಗೆ ಅಂಟು ಕಲಸಿ ಒತ್ತುತ್ತಾರಾ? ನ್ಯೂಸ್ ಪೇಪರ್ ಬೇಗ ಹಳದಿಯಾಗುತ್ತೆ, ನೋಟ್‌ಬುಕ್ ಯಾಕೆ ಆಗಲ್ಲ? ನಾನು 29 ವರ್ಷ ಒಂದು ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಮೊದಲ ಆರು ವರ್ಷ ಮರದಿಂದ ಪಲ್ಪ್ (ನಾರಿನ ಮುದ್ದೆ) ತೆಗೆಯುವ ಪಲ್ಪ್ ಮಿಲ್, ಆಮೇಲೆ ನಿವೃತ್ತಿವರೆಗೂ ಪಲ್ಪನ್ನು ಹಾಳೆ ಮಾಡುವ ಮಷೀನ್ ಹೌಸ್. ಎರಡೂ ಕಡೆ ಕಂಡದ್ದನ್ನು ಹೇಳುತ್ತೇನೆ.

ಅಂಟಿನ ಪ್ರಶ್ನೆಗೇ ಮೊದಲು ಬರುತ್ತೇನೆ. ಅಂಟು ಮರದಲ್ಲೇ ಇದೆ. ಅದನ್ನು ತೆಗೆಯುವುದೇ ಕಾರ್ಖಾನೆಯ ಅರ್ಧ ಕೆಲಸ.

ಮರ ಅಂದರೆ ಕೋಟಿಗಟ್ಟಲೆ ಸಣ್ಣ ನಾರು. ಒಂದೊಂದೂ ಟೊಳ್ಳಾದ ಕೊಳವೆ. ನೀಲಗಿರಿ ಮರದ ನಾರು ಒಂದು ಮಿಲಿಮೀಟರಿನಷ್ಟೂ ಉದ್ದ ಇರುವುದಿಲ್ಲ. ಪೈನ್ ಮರದ್ದು ಸುಮಾರು ಮೂರು ಮಿಲಿಮೀಟರ್. ಬಿದಿರಿನದು ಇವೆರಡರ ನಡುವೆ. ಈ ನಾರುಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿರುವುದು ಲಿಗ್ನಿನ್ ಎಂಬ ವಸ್ತು. ಮರದ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅದೇ. ಮರ ನೆಟ್ಟಗೆ ನಿಲ್ಲುವುದು ಅದರಿಂದ. ಕಾಗದಕ್ಕೆ ಬೇಕಾದದ್ದು ನಾರು ಮಾತ್ರ.

ಲಾರಿಯಲ್ಲಿ ಬಂದ ದಿಮ್ಮಿಗಳ ತೊಗಟೆ ತೆಗೆದು ಚಿಪ್ಪರ್‌ಗೆ ಕೊಡುತ್ತಾರೆ. ದೊಡ್ಡ ಚಕ್ರಕ್ಕೆ ಬ್ಲೇಡ್ ಕೂರಿಸಿದ ಯಂತ್ರ ಅದು. ದಿಮ್ಮಿ ಒಳಗೆ ಹೋದ ಕೆಲವೇ ಕ್ಷಣದಲ್ಲಿ ಬೆರಳ ತುದಿಯಷ್ಟು ಅಗಲದ ಚಕ್ಕೆಗಳಾಗಿ ಹೊರಬರುತ್ತದೆ. ಚಕ್ಕೆಗಳ ಅಳತೆ ಒಂದೇ ಥರ ಇರಬೇಕು. ಕುಕ್ಕರಿಗೆ ದೊಡ್ಡ ಆಲೂಗಡ್ಡೆ, ಸಣ್ಣ ಆಲೂಗಡ್ಡೆ ಒಟ್ಟಿಗೆ ಹಾಕಿದರೆ ಸಣ್ಣದು ಕರಗಿ ಹೋಗುತ್ತೆ, ದೊಡ್ಡದರ ನಡುಭಾಗ ಹಸಿ ಉಳಿಯುತ್ತೆ ಅಲ್ವಾ? ಇಲ್ಲೂ ಅದೇ ತೊಂದರೆ.

ಕುಕ್ಕರ್ ಅಂದದ್ದು ಸುಮ್ನೆ ಹೋಲಿಕೆಗಲ್ಲ. ಮುಂದಿನ ಹಂತವೇ ಬೇಯಿಸುವುದು. ಡೈಜೆಸ್ಟರ್ ಅಂದರೆ ಹಲವು ಮಹಡಿ ಎತ್ತರದ ಉಕ್ಕಿನ ಪ್ರೆಶರ್ ಕುಕ್ಕರ್. ಅದಕ್ಕೆ ಚಕ್ಕೆ ತುಂಬಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಕರಗಿಸಿದ ನೀರು ಬಿಡುತ್ತಾರೆ. ಇದಕ್ಕೆ ವೈಟ್ ಲಿಕರ್ ಅಂತ ಹೆಸರು. ಹಬೆ ಕೊಟ್ಟು 160ರಿಂದ 170 ಡಿಗ್ರಿಯಲ್ಲಿ ಕೆಲವು ಗಂಟೆ ಬೇಯಿಸಿದರೆ ಲಿಗ್ನಿನ್ ಕರಗಿ ನೀರಿಗೆ ಬರುತ್ತದೆ. ಕೊನೆಗೆ ತಳದ ವಾಲ್ವ್ ತೆರೆದಾಗ ಒಳಗಿನ ಒತ್ತಡಕ್ಕೆ ಎಲ್ಲವೂ ಬ್ಲೋ ಟ್ಯಾಂಕಿಗೆ ನುಗ್ಗುತ್ತದೆ. ಮೆತ್ತಗಾದ ಚಕ್ಕೆ ಅಲ್ಲಿ ಬಿಡಿ ಬಿಡಿ ನಾರಾಗಿ ಸಿಡಿಯುತ್ತದೆ. ಮೊದಲ ಸಲ ಆ ಸದ್ದು ಕೇಳಿದಾಗ ನೆಲ ನಡುಗಿದ ಹಾಗಾಗಿತ್ತು ನನಗೆ.

ಈ ವಿಧಾನದ ಹೆಸರು ಕ್ರಾಫ್ಟ್. ಜರ್ಮನ್ ಭಾಷೆಯಲ್ಲಿ ಬಲ ಎಂದರ್ಥ. 1879ರಲ್ಲಿ ಕಾರ್ಲ್ ಡಾಲ್ ಎಂಬ ರಸಾಯನ ತಜ್ಞ ಡಾನ್‌ಜಿಗ್‌ನಲ್ಲಿ (ಈಗ ಪೋಲೆಂಡಿನ ಗ್ಡಾನ್ಸ್ಕ್) ಇದನ್ನು ಕಂಡುಹಿಡಿದ. ಆಗ ಬಳಕೆಯಲ್ಲಿದ್ದ ಸೋಡಾ ಬೂದಿ ದುಬಾರಿ ಅಂತ ಅವನು ಅದರ ಬದಲಿಗೆ ಅಗ್ಗದ ಸೋಡಿಯಂ ಸಲ್ಫೇಟ್ ಹಾಕಿ ನೋಡಿದ. ಪಲ್ಪ್ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

ಕಾಗದದ ಕಾರ್ಖಾನೆ ಇರುವ ಊರಲ್ಲಿ ಬರುವ ಕೊಳೆತ ಮೊಟ್ಟೆ, ಕೊಳೆತ ಎಲೆಕೋಸಿನ ವಾಸನೆ ಹುಟ್ಟುವುದೂ ಈ ಅಡುಗೆಯಲ್ಲೇ. ಸಲ್ಫೈಡಿನ ಗಂಧಕ ಲಿಗ್ನಿನ್ ಜೊತೆ ಸೇರಿ ಮೀಥೈಲ್ ಮರ್ಕ್ಯಾಪ್ಟನ್‌ನಂಥ ಅನಿಲಗಳಾಗುತ್ತವೆ. ಗಾಳಿಯಲ್ಲಿ ಎಳ್ಳಷ್ಟಿದ್ದರೂ ಮೂಗಿಗೆ ತಿಳಿಯುತ್ತದೆ. ನಾನು ಪಲ್ಪ್ ಮಿಲ್‌ನಲ್ಲಿದ್ದಾಗ ಅಮ್ಮ ನನ್ನ ಬಟ್ಟೆಯನ್ನು ಬೇರೆ ಬಕೆಟಿನಲ್ಲಿ ನೆನೆಸುತ್ತಿದ್ದರು.

ಬೇಯಿಸಿದ ಮೇಲೆ ಉಳಿಯುವ ಕಪ್ಪು ನೀರೇ ಬ್ಲ್ಯಾಕ್ ಲಿಕರ್. ಕಾಗದದ ವಿಷಯ ಬಂದಾಗ ಜನ ಇದರ ಬಗ್ಗೆ ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ಕಾರ್ಖಾನೆಯ ಜೀವ ಇರುವುದು ಇಲ್ಲಿ. ಮರದ ಅರ್ಧ ತೂಕ ಈ ಕಪ್ಪು ನೀರಿಗೇ ಹೋಗಿರುತ್ತದೆ, ಹಾಕಿದ ರಾಸಾಯನಿಕವೂ ಅದರಲ್ಲೇ ಇರುತ್ತದೆ. ಅದನ್ನು ಕುದಿಸಿ ಕುದಿಸಿ ಕಾಕಂಬಿಯಷ್ಟು ಗಟ್ಟಿ ಮಾಡಿ ರಿಕವರಿ ಬಾಯ್ಲರಿನಲ್ಲಿ ಉರಿಸುತ್ತಾರೆ. ಲಿಗ್ನಿನ್ ಒಳ್ಳೆ ಉರುವಲು. ಅದರ ಶಾಖದಿಂದ ಹಬೆ, ಹಬೆಯಿಂದ ವಿದ್ಯುತ್. ಬಾಯ್ಲರಿನ ತಳದಲ್ಲಿ ಸೋಡಿಯಂ ಲವಣಗಳು ಕರಗಿ ಕೆಂಡದಂತೆ ಹರಿಯುತ್ತವೆ. ಅದನ್ನು ನಾವು ಸ್ಮೆಲ್ಟ್ ಅನ್ನುತ್ತಿದ್ದೆವು. ನೀರಿಗೆ ಬಿಟ್ಟರೆ ಗ್ರೀನ್ ಲಿಕರ್. ಅದಕ್ಕೆ ಸುಣ್ಣ ಹಾಕಿದರೆ ಮತ್ತೆ ವೈಟ್ ಲಿಕರ್, ವಾಪಸ್ ಡೈಜೆಸ್ಟರಿಗೆ. ತಳಕ್ಕೆ ಕೂತ ಸುಣ್ಣದ ಕೆಸರನ್ನೂ ಸುಟ್ಟು ಪುನಃ ಸುಣ್ಣ ಮಾಡುತ್ತಾರೆ. 1930ರ ದಶಕದಲ್ಲಿ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಇಂಥ ಬಾಯ್ಲರ್ ಮಾಡಿದ ಮೇಲೆಯೇ ಕ್ರಾಫ್ಟ್ ವಿಧಾನ ಜಗತ್ತಿನಲ್ಲೆಲ್ಲ ಗೆದ್ದದ್ದು.

ಈ ಬಾಯ್ಲರಿಗೆ ಎಲ್ಲರೂ ಹೆದರುತ್ತಾರೆ. ಟ್ಯೂಬ್ ಸೋರಿ ನೀರು ಸ್ಮೆಲ್ಟ್ ಮೇಲೆ ಬಿದ್ದರೆ ಬಾಂಬಿನಂತೆ ಸಿಡಿಯುತ್ತದೆ.

ರಿಕವರಿ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ನಾನು ಸೇರಿದ ಹೊಸತರಲ್ಲಿ ನಮ್ಮಲ್ಲಿದ್ದದ್ದು ಸಣ್ಣ, ಹಳೆಯ ಬಾಯ್ಲರ್. ಅದು ಕೆಟ್ಟು ನಿಂತ ದಿನಗಳಲ್ಲೂ ಅಡುಗೆ ನಿಲ್ಲಿಸುತ್ತಿರಲಿಲ್ಲ. ಹೆಚ್ಚಾದ ಕಪ್ಪು ನೀರು ರಾತ್ರಿ ಹೊತ್ತು ಹಳ್ಳಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಹಳ್ಳ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ನೊರೆ ತುಂಬಿಕೊಂಡಿರುತ್ತಿತ್ತು. ಕೆಳಗಿನ ಊರಿನವರು ಎಮ್ಮೆ ಇಳಿಸುವುದನ್ನೇ ಬಿಟ್ಟರು. ಅವರಲ್ಲೊಬ್ಬ ಅಜ್ಜ ಗೇಟಿನ ಹತ್ತಿರ ನನ್ನ ನಿಲ್ಲಿಸಿ, "ನೀನೂ ಇದೇ ನೀರು ಕುಡೀತೀಯೇನಪ್ಪಾ?" ಅಂತ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಸ ಬಾಯ್ಲರ್ ಬಂದ ಮೇಲೆ ಆ ಬಣ್ಣ ಹೋಯಿತು. ತಡವಾಯಿತು, ತುಂಬಾ ತಡವಾಯಿತು.

ತೊಳೆದ ಪಲ್ಪ್ ಈಗಲೂ ಕಂದು ಬಣ್ಣದಲ್ಲೇ ಇರುತ್ತದೆ. ರಟ್ಟಿನ ಪೆಟ್ಟಿಗೆ, ಸಿಮೆಂಟ್ ಚೀಲಕ್ಕೆ ಅದೇ ಸಾಕು. ಬರೆಯುವ ಹಾಳೆ ಬೇಕಾದರೆ ಉಳಿದ ಚೂರು ಲಿಗ್ನಿನ್ನನ್ನೂ ತೆಗೆಯಬೇಕು. ಹಿಂದೆ ಇದಕ್ಕೆ ಕ್ಲೋರಿನ್ ಅನಿಲ ಬಳಸುತ್ತಿದ್ದರು. ಅದರಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎಂದು 1980ರ ದಶಕದಲ್ಲಿ ಗೊತ್ತಾದ ಮೇಲೆ ಆಮ್ಲಜನಕ, ಕ್ಲೋರಿನ್ ಡೈಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಕಡೆಗೆ ಹೊರಳಿದರು.

ಆಮೇಲೆ ರಿಫೈನರ್. ಎರಡು ಲೋಹದ ತಟ್ಟೆಗಳ ನಡುವೆ, ಬೀಸುಕಲ್ಲಿನ ಹಾಗೆ, ನಾರನ್ನು ನೀರಲ್ಲೇ ಉಜ್ಜುತ್ತಾರೆ. ನಯವಾಗಿದ್ದ ನಾರಿನ ಮೈಮೇಲೆ ಸಣ್ಣ ಸಣ್ಣ ಎಳೆ ಏಳುತ್ತವೆ. ನಿಮ್ಮ ಅಂಟಿನ ಪ್ರಶ್ನೆಗೆ ಪೂರ್ತಿ ಉತ್ತರ ಇಲ್ಲಿದೆ. ಎಳೆ ಎದ್ದ ನಾರುಗಳು ನೀರು ಆರುತ್ತಾ ಹತ್ತಿರ ಬಂದಾಗ ಒಂದರ ಸೆಲ್ಯುಲೋಸ್ (ನಾರಿನ ಮುಖ್ಯ ವಸ್ತು) ಇನ್ನೊಂದರದ್ದನ್ನು ಹೈಡ್ರೋಜನ್ ಬಂಧದಿಂದ ತಾನಾಗೇ ಹಿಡಿದುಕೊಳ್ಳುತ್ತದೆ. ಪುನಃ ನೀರು ಸಿಕ್ಕರೆ ಹಿಡಿತ ಬಿಡುತ್ತದೆ. ಹಳೆ ಪೇಪರನ್ನು ಒಂದು ರಾತ್ರಿ ನೆನೆಸಿ ಕೈಯಲ್ಲಿ ಹಿಸುಕಿ ನೋಡಿ, ಗಂಜಿಯ ಹಾಗಾಗುತ್ತೆ. ರದ್ದಿಯಿಂದ ಹೊಸ ಕಾಗದ ಮಾಡಲು ಆಗುವುದೂ ಇದರಿಂದಲೇ. ಇನ್ನೂ ಕೆಲವು ವಸ್ತು ಸೇರಿಸುತ್ತಾರೆ ಎಂಬುದು ನಿಜ. ಇಂಕು ಹರಡದಿರಲು ಸೈಜಿಂಗ್, ಹಾಳೆಯ ಆಚೆ ಬದಿ ಕಾಣದಿರಲು ಸುಣ್ಣದ ಕಲ್ಲಿನ ನುಣ್ಣನೆ ಪುಡಿ, ಮೇಲ್ಮೈಗೆ ಸ್ವಲ್ಪ ಸ್ಟಾರ್ಚ್. ಬಟ್ಟೆಗೆ ಗಂಜಿ ಹಾಕಿದ ಹಾಗೆ ಅಂದುಕೊಳ್ಳಿ. ಬಟ್ಟೆ ನಿಂತಿರುವುದು ಗಂಜಿಯಿಂದಲ್ಲ, ನೂಲಿನಿಂದ.

ಇನ್ನು ನನ್ನ ಮಷೀನ್ ಹೌಸ್. ಹಿಂದೆ ಒಂದೊಂದೇ ಹಾಳೆಯನ್ನು ಜರಡಿಯಂಥ ಚೌಕಟ್ಟಿನಲ್ಲಿ ಕೈಯಿಂದ ಎತ್ತುತ್ತಿದ್ದರು. 1799ರಲ್ಲಿ ಫ್ರಾನ್ಸಿನ ನಿಕೋಲಾ ಲೂಯಿ ರಾಬರ್ಟ್, ತಿರುಗುತ್ತಲೇ ಇರುವ ಜಾಲರಿಯ ಮೇಲೆ ಮುಗಿಯದ ಹಾಳೆ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇವತ್ತಿನ ಯಂತ್ರವೂ ಮೂಲದಲ್ಲಿ ಅದೇ.

ಪಲ್ಪ್ ನೀರನ್ನು ಹರಡಿ ಬಿಡುವ ಹೆಡ್ ಬಾಕ್ಸಿನಿಂದ ಜಾಲರಿಯ ಮೇಲೆ ಬೀಳುವುದು ನೋಡಲು ತೆಳ್ಳಗಿನ ಹಾಲಿನ ಹಾಗೆ. ನೂರು ಕಿಲೋದಲ್ಲಿ ನಾರು ಒಂದು ಕಿಲೋ, ಉಳಿದ 99 ನೀರು. ಅಷ್ಟು ತೆಳ್ಳಗೆ ಇರಲೇಬೇಕು. ಇಲ್ಲದಿದ್ದರೆ ನಾರು ಗಂಟು ಕಟ್ಟಿ ಹಾಳೆಯಲ್ಲಿ ಮೋಡ ಮೋಡ ಕಾಣುತ್ತದೆ. 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ) ಒಂದು ಎ4 ಹಾಳೆ ಐದು ಗ್ರಾಂ ತೂಗುತ್ತದೆ. ಅಂದರೆ ಆ ಒಂದು ಹಾಳೆ ಜಾಲರಿ ಮೇಲೆ ಬಿದ್ದಾಗ ಅದರ ಜೊತೆ ಸುಮಾರು ಅರ್ಧ ಲೀಟರ್ ನೀರಿತ್ತು. ಆ ನೀರಿನ ಬಹುಪಾಲನ್ನು ಮತ್ತೆ ಮತ್ತೆ ಸುತ್ತಿಸಿ ಬಳಸುತ್ತಾರೆ.

ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. 99 ಕಿಲೋ ನೀರಿನಲ್ಲಿ 95 ಕಿಲೋದಷ್ಟು ಜಾಲರಿ ಮೇಲೆಯೇ ಇಳಿದು ಹೋಗುತ್ತದೆ. ನಮ್ಮ ಮಷೀನ್ ನಿಮಿಷಕ್ಕೆ 450 ಮೀಟರ್ ಓಡುತ್ತಿತ್ತು. ಆ ವೇಗದಲ್ಲಿ ಅದಕ್ಕೆ ಎರಡು ಸೆಕೆಂಡು ಸಾಕು. ಮುಂದೆ ಪ್ರೆಸ್ ರೋಲುಗಳು ಉಣ್ಣೆ ಬಟ್ಟೆಯಂಥ ಫೆಲ್ಟ್ ಜೊತೆ ಹಾಳೆಯನ್ನು ಹಿಂಡಿ ಇನ್ನೂ ಎರಡೂಮುಕ್ಕಾಲು ಕಿಲೋ ತೆಗೆಯುತ್ತವೆ. ಉಳಿಯುವುದು ಒಂದು ಕಿಲೋ ಚಿಲ್ಲರೆ. ಹಿಂಡಿದರೆ ಆ ನೀರು ಬರುವುದಿಲ್ಲ, ಆವಿ ಮಾಡಿಯೇ ತೆಗೆಯಬೇಕು. ಅದಕ್ಕಾಗಿ ಹಬೆ ತುಂಬಿದ ಹತ್ತಾರು ಉಕ್ಕಿನ ಡ್ರೈಯರ್‌ಗಳ ಮೇಲೆ ಹಾಳೆ ಹತ್ತಿಳಿದು ಸಾಗುತ್ತದೆ. ಮಷೀನ್ ಹೌಸಿನ ಹಬೆಯ ಖರ್ಚೆಲ್ಲ ಹೆಚ್ಚುಕಡಿಮೆ ಈ ಕೊನೆಯ ಒಂದು ಕಿಲೋಗೆ. ಹಾಗಾಗಿ ಪ್ರೆಸ್‌ನಲ್ಲಿ ಸ್ವಲ್ಪ ಜಾಸ್ತಿ ಹಿಂಡಿದರೂ ಕಲ್ಲಿದ್ದಲು ಉಳಿಯುತ್ತದೆ. ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದೇ ಇದನ್ನು.

ಈ ಓಟದಲ್ಲಿ ಹಾಳೆ ಹರಿಯುವುದೂ ಉಂಟು. ತೊಟ್ಟಿಯ ಗೋಡೆಯಲ್ಲಿ ಬೆಳೆದ ಲೋಳೆಯ ಒಂದು ಚೂರು ಕಳಚಿ ಬಂದು ಹಾಳೆಯಲ್ಲಿ ಕೂತರೆ ಸಾಕು, ಪ್ರೆಸ್ ಹತ್ತಿರ ಅದು ತೂತಾಗಿ ಇಡೀ ಅಗಲಕ್ಕೆ ಹರಿಯುತ್ತದೆ. ಸೈರನ್ ಕೂಗುತ್ತದೆ. ಒದ್ದೆ ಕಾಗದ ರಾಶಿ ರಾಶಿ ಕೆಳಗೆ ಸುರಿಯುತ್ತದೆ. ಬ್ರೋಕ್ ಅನ್ನುವ ಈ ರಾಶಿ ಮತ್ತೆ ಪಲ್ಪ್ ಆಗುತ್ತದೆ, ನಷ್ಟವಿಲ್ಲ. ಆದರೆ ಸೆಖೆಯಲ್ಲಿ, ಓಡುವ ಯಂತ್ರದ ಪಕ್ಕದಲ್ಲಿ ನಿಂತು ತುದಿ ಸಿಕ್ಕಿಸಿ ಹೊಸದಾಗಿ ಹಾಳೆ ಹತ್ತಿಸಬೇಕು. ರೋಲಿಗೆ ಬೆರಳು ಕೊಟ್ಟವರನ್ನು ನೋಡಿದ್ದೇನೆ. ಹಾಳೆ ಹೋದರೆ ಹೋಗಲಿ, ಕೈ ಹಾಕಬೇಡಿ ಎಂದು ಎಷ್ಟು ಸಲ ಕೂಗಿದ್ದೇನೋ ಲೆಕ್ಕವಿಲ್ಲ.

ಕೊನೆಗೆ ಹಾಳೆ ನಯ ಮಾಡುವ ಕ್ಯಾಲೆಂಡರ್ ರೋಲುಗಳ ಇಸ್ತ್ರಿ, ರೀಲ್, ಕತ್ತರಿಸುವ ವಿಭಾಗ. ಅಲ್ಲಿ ವಿಶೇಷ ಏನಿಲ್ಲ.

ಮರ ಎಲ್ಲಿಂದ ಬರುತ್ತದೆ ಎನ್ನುವುದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ದಾಂಡೇಲಿಯಲ್ಲಿ ಕಾಳಿ ನದಿ ದಂಡೆಯ ಕಾರ್ಖಾನೆ 1950ರ ದಶಕದ ಕೊನೆಗೆ ಶುರುವಾದಾಗ ಕಚ್ಚಾವಸ್ತು ಕಾಡಿನ ಬಿದಿರು. ಅದು ಮುಗಿಯುವುದಿಲ್ಲ ಎಂದೇ ಎಲ್ಲರ ನಂಬಿಕೆ. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಉತ್ತರ ಕನ್ನಡದ ಬಿದಿರು ಮೆಳೆಗಳನ್ನು ಅಧ್ಯಯನ ಮಾಡಿದಾಗ ಬೇರೆಯದೇ ಕಂಡಿತು. ಕಡಿಯಲು ಅನುಕೂಲ ಆಗಲಿ, ಮೆಳೆ ಚೆನ್ನಾಗಿ ಬೆಳೆಯಲಿ ಎಂದು ಬುಡದ ಮುಳ್ಳು ಸವರುತ್ತಿದ್ದರು. ಕಳಲೆಗೆ ಬೇಲಿಯಂತೆ ಇದ್ದದ್ದೇ ಆ ಮುಳ್ಳು. ಅದು ಹೋದ ಮೇಲೆ ದನ, ಮುಸಿಯ, ಮುಳ್ಳುಹಂದಿ ಎಲ್ಲ ಕಳಲೆ ತಿಂದು ಮುಗಿಸಿದವು. ಊರಿನವರಿಗೆ ಇದು ಮೊದಲೇ ಗೊತ್ತಿತ್ತು. ಬಿದಿರು ಕಡಿಮೆಯಾದಂತೆ ಕಾರ್ಖಾನೆಗಳು ನೀಲಗಿರಿ, ಅಕೇಶಿಯಾ, ಸುಬಾಬುಲ್, ಗಾಳಿಮರದ ಕಡೆ ಹೋದವು. ರೈತರ ಜಮೀನಿನಲ್ಲಿ ಬೆಳೆದ ಮರ ಕೊಳ್ಳುವುದು ನನಗೆ ಒಪ್ಪಿಗೆ. ಮಲೆನಾಡಿನ ಗುಡ್ಡಗಳ ತುಂಬ ಬರೀ ಅಕೇಶಿಯಾ ನೆಡುತೋಪು ಮಾಡಿದ್ದನ್ನು ಮಾತ್ರ ನಾನು ಯಾವತ್ತೂ ಒಪ್ಪಿಲ್ಲ.

ಇನ್ನು ನ್ಯೂಸ್ ಪೇಪರ್. 1844ರಲ್ಲಿ ಜರ್ಮನಿಯ ಕೆಲ್ಲರ್ ಎಂಬುವನು ಮರವನ್ನು ಬೇಯಿಸದೆ, ತಿರುಗುವ ಕಲ್ಲಿಗೆ ಒತ್ತಿ ಅರೆದು ಪಲ್ಪ್ ಮಾಡಿದ. ಈ ವಿಧಾನದಲ್ಲಿ ಮರದ ತೂಕದಲ್ಲಿ ನೂರಕ್ಕೆ 90 ಭಾಗಕ್ಕಿಂತ ಹೆಚ್ಚು ಕಾಗದಕ್ಕೆ ಸಿಗುತ್ತದೆ, ಹಾಗಾಗಿ ಅಗ್ಗ. ಆದರೆ ಲಿಗ್ನಿನ್ ಪೂರ್ತಿ ಒಳಗೇ ಉಳಿಯುತ್ತದೆ. ನ್ಯೂಸ್ ಪೇಪರಿಗೆ ಇಂಥ ಪಲ್ಪ್, ಇಲ್ಲವೇ ರದ್ದಿಯ ಪಲ್ಪ್ ಹೋಗುತ್ತದೆ. ಬಿಸಿಲು, ಗಾಳಿ ತಾಗಿದಾಗ ಲಿಗ್ನಿನ್ ಹಳದಿಗೆ ತಿರುಗುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಅದು ಹೆಚ್ಚು ಉಳಿದಿಲ್ಲ. ನಂಬಿಕೆ ಬರದಿದ್ದರೆ ಇವತ್ತಿನ ಪೇಪರನ್ನು ತಾರಸಿ ಮೇಲೆ ಬಿಸಿಲಿಗೆ ಹಾಕಿ ನಡುವೆ ಒಂದು ಕಲ್ಲು ಇಡಿ. ಕೆಲವು ದಿನ ಬಿಟ್ಟು ಕಲ್ಲು ಎತ್ತಿದರೆ ಅದರ ಆಕಾರ ಬೆಳ್ಳಗೆ ಉಳಿದಿರುತ್ತದೆ.